ಸತ್ತ ತಂತಿ

ಕಡೆಗೂ ಆ ಕೈಯನ್ನು ಮಲ್ಲಾರಿ ಕಣ್ಣಾರೆ ಕಂಡ.

ಮದುವೆ ಹಂದರದಲ್ಲಿ ಹಾಡು ನಡೆದಿತ್ತು. ಪಕ್ಕದಿಂದ ಚಾಚಿದ ಉದ್ದ ಬೆರಳುಗಳು ಅವನ ಆಂಪ್ಲಿಫೈಯರಿನಲ್ಲಿ ಚೂಪು ದನಿ ಏರಿಸಿ ಇಳಿಸುವ ಟ್ರೆಬಲ್ ಗುಂಡಿಯನ್ನು ಮೆಲ್ಲಗೆ ಎಡಕ್ಕೆ ತಿರುವಿದವು. ತಿರುವಿ, ಏನೂ ಆಗಿಲ್ಲವೆಂಬಂತೆ ಹೋಗಿ ಆರ್ಗನ್ನಿನ ಮೇಲೆ ಕೂತವು. ಅಭಯಕುಮಾರನ ಬೆರಳುಗಳು.

ಮಲ್ಲಾರಿ ಕೂಗಾಡಲಿಲ್ಲ. ಕಡೆಯ ಹಾಡಿನವರೆಗೂ ಬೇಸ್ ಗಿಟಾರು ನುಡಿಸಿದ. ಒಳಗೆ ಮಾತ್ರ ಒಂದೊಂದೇ ಗಂಟು ಬಿಚ್ಚುತ್ತ ಹೋಯಿತು.

ಈ ಬೇಸಿಗೆಯೆಲ್ಲ ಅವನ ಬೇಸು ಕಂಬಳಿ ಹೊದ್ದು ಮಾತಾಡುತ್ತಿತ್ತು. ತಂತಿ ಸತ್ತಿದೆ ಎಂದುಕೊಂಡಿದ್ದ. ಮೊದಲಿದ್ದವು ಚಪ್ಪಟೆ ಸುತ್ತಿನ ತಂತಿಗಳು, ಬೆರಳಿಗೆ ರೇಷ್ಮೆ, ದನಿಗೆ ಹೊಳಪಿಲ್ಲ. ಅವನ್ನು ಕಿತ್ತು ಕೊಲ್ಲಾಪುರದಿಂದ ಗುಂಡು ಸುತ್ತಿನವನ್ನು ತಂದ. ಅರದ ಹಾಗೆ ಒರಟು. ಬೆರಳ ತುದಿಯನ್ನೇ ತಿನ್ನುತ್ತವೆ. ಅಂಗಡಿಯವನು ಒಂದನ್ನು ಮೀಟಿ, ಕಣ್ಣು ಮುಚ್ಚಿ ತಲೆದೂಗಿದ್ದ: "ಘಂಟೀ ನೋಡ್ರಿ, ಘಂಟೀ!" ಮಲ್ಲಾರಿಗೆ ಕೇಳಿದ್ದು ಒದ್ದೆ ಹಗ್ಗದ ಸದ್ದು. ಹಳೆಯ ಸರಕು ದಾಟಿಸುತ್ತಿದ್ದಾನೆ, ಕಳ್ಳ.

ಅಜ್ಜಿಯ ಕಥೆಯ ರಾಕ್ಷಸನ ಪ್ರಾಣ ಗಿಣಿಯ ಕೊರಳಲ್ಲಿರುವಂತೆ ಮಲ್ಲಾರಿಯ ಪ್ರಾಣ ಆ ನಾಲ್ಕು ತಂತಿಗಳಲ್ಲಿತ್ತು. ಕೊರೋಚಿ ಊರಿನ ತನ್ನ ಮನೆಯಲ್ಲಿ ಅವನ್ನು ಬಿಚ್ಚಿ ನೀರಿಗೆ ಹಾಕಿ ಕುದಿಸಿದ. ಎಡಬಲಕ್ಕೆ ಮಗ್ಗಗಳು ಖಟಖಟ ಅನ್ನುತ್ತಿದ್ದವು. ಹೆಂಡತಿ ಚೆನ್ನವ್ವ ಬಾಗಿಲಿನಿಂದಲೇ ಕೂಗಿದಳು.

"ಸಾರಿನ ಬೋಗಣ್ಯಾಗ ಏನ ಕುದಸಾಕತ್ತೀ?"

"ತಂತಿ! ಹೊಲಸು ಬಿಡ್ತೈತಿ!"

"ರುಚಿ ನೋಡಿ ಹೇಳಪಾ, ಉಪ್ಪ ಹಾಕ್ತೇನಿ!"

ಹಗಲೆಲ್ಲ ಕಿವಿಗಡಚಿಕ್ಕುವ ಮಗ್ಗ, ಸಂಜೆ ಆರ್ಕೆಸ್ಟ್ರಾ. ಹುಟ್ಟಿದಾಗಿನಿಂದ ಅವನು ಬಲ್ಲ ಓಣಿಯಲ್ಲಿ ಜಗಳಕ್ಕೂ ಮುದ್ದಿಗೂ ಒಂದೇ ಸ್ವರ: ಕೂಗು. ಅಲ್ಲಿ ಗುಟ್ಟು ಹೇಳಿದವರಿಲ್ಲ. ಆದ್ದರಿಂದಲೇ ಪಿಸುಗುಟ್ಟುವವರನ್ನು ಅವನು ನಂಬುತ್ತಿರಲಿಲ್ಲ. ಆರ್ಕೆಸ್ಟ್ರಾದ ಹಾಡುಗಾರ್ತಿ ಛಾಯಾ, ಅಭಯಕುಮಾರ ಇಬ್ಬರೂ ಇತ್ತೀಚೆಗೆ ಅವನೆದುರಿಗೇ ತುಟಿಯಾಡಿಸುತ್ತಿದ್ದರು. ಶ್ರುತಿ ಕೂಡಿಸುವಾಗ ಅಭಯಕುಮಾರ ಆರ್ಗನ್ನಿನಲ್ಲಿ ಒಂದು ಸ್ವರ ಒತ್ತಿ, ಶಾಲೆಯ ಮಾಸ್ತರನ ಹಾಗೆ ತಲೆಯಾಡಿಸುತ್ತಿದ್ದ: ಸಾಕು, ಕೂಡಿತು. ಎಂಥ ಸೊಕ್ಕು!

ಆರ್ಕೆಸ್ಟ್ರಾದ ಮಾಲಕ ಅಣ್ಣಾಸಾಹೇಬ ಬೇರೆ ಹಿಂದಿನ ವಾರವೇ ಎಚ್ಚರಿಸಿದ್ದ. "ಗಡಹಿಂಗ್ಲಜದ ಕಾರ್ಯಕ್ರಮಕ್ಕ ಕೊಲ್ಲಾಪುರದ ದೊಡ್ಡ ಮಂದಿ ಕೇಳಾಕ ಬರ್ತಾರ. ನಿನ್ನ ಬೇಸ್ ಒಂದ ದಿನ ಒಂದ ಥರಾ ಆಗೇತಿ. ಅಲ್ಲಿ ನೆಟ್ಟಗ ನುಡೀಲಿಲ್ಲಂದ್ರ ಬ್ಯಾರೇ ಹುಡುಗನ್ನ ನೋಡ್ಕೋತೇನಿ ನಾ."

ಆ ಮದುವೆಯ ಮರುದಿನ, ಮಲ್ಲಾರಿಯ ದೂರಿನ ಮೇಲೆ, ಇಚಲಕರಂಜಿಯ ತಾಲೀಮಿನ ಕೋಣೆಯಲ್ಲಿ ಪಂಚಾಯ್ತಿ ಸೇರಿತು.

"ಗುಂಡಿ ನೀ ತಿರವೀಯೋ ಇಲ್ಲೋ?" ಅಣ್ಣಾಸಾಹೇಬ ಕೇಳಿದ.

"ತಿರವೇನ್ರಿ," ಅಂದ ಅಭಯಕುಮಾರ.

"ಒಂದ ಸಲಾನೋ?"

"ದಿನಾ ತಿರವೇನ್ರಿ."

"ಯಾಕ?"

ಅಭಯಕುಮಾರ ಮಲ್ಲಾರಿಯ ಮುಖವನ್ನೇ ನೋಡಿದ. ಛಾಯಾ ಅಭಯಕುಮಾರನ ಹತ್ತಿರ ಬಾಗಿ ಏನೋ ಅಂದಳು. ಅವನು ಬೇಡವೆಂದು ತಲೆಯಾಡಿಸಿದ. "ಅದನ್ನ ಹೇಳಾಂಗಿಲ್ರಿ."

"ನಾ ಹೇಳ್ತೇನ್ರಿ!" ಮಲ್ಲಾರಿ ಮುಂದೆ ಬಂದ. "ನನ್ನ ಜಾಗಾಕ್ಕ ತನ್ನ ತಮ್ಮನ್ನ ತಂದ ಕೂಡ್ರಸಾವ ಅದಾನ. ಅದಕ್ಕ ನನ್ನ ಬೇಸ್ ಕೊಲ್ಲಾಕತ್ತಾನ."

ತಮ್ಮನ ಮಾತು ಮಲ್ಲಾರಿ ಅಲ್ಲೇ ಹೆಣೆದದ್ದು. ಅಭಯಕುಮಾರ ಅದಕ್ಕೂ ಬಾಯಿ ತೆರೆಯಲಿಲ್ಲ. ಅಣ್ಣಾಸಾಹೇಬನಿಗೆ ಮೌನವೇ ಸಾಕ್ಷಿಯಾಯಿತು.

"ಆರ್ಗನ್ ನಂದು, ಬೆರಳ ನಿಂದು. ನಿನ್ನ ಬೆರಳ ತಗೊಂಡ ಹೋಗು."

ಎಲ್ಲರಿಗಿಂತ ಜೋರಾಗಿ ನಕ್ಕವನು ಮಲ್ಲಾರಿ. "ಎಸ್ಟೀ ಬಸ್ಸಿನ ಹಾರ್ನ ಒತ್ತಾಕ ಬರ್ತಾವ್ರಿ ಆ ಬೆರಳ!"

ಹೊಸ್ತಿಲಲ್ಲಿ ಅಭಯಕುಮಾರ ಅವನೆದುರು ನಿಂತು, ಒಂದೊಂದೇ ಮಾತನ್ನು ಬಾಯಿ ತುಂಬ ತೆರೆದು ಹೇಳಿದ. "ಗಡಹಿಂಗ್ಲಜದಾಗ ಆ ಟ್ರೆಬಲ್ ಗುಂಡಿ ನಡು ಗೆರಿ ದಾಟಸಬ್ಯಾಡೋ, ಮಲ್ಲಾರಿ."

"ಹೋಗೋ ಹೋಗ! ನಿನ್ನ ಕೈ ಹೋತು, ನನ್ನ ಬೇಸ್ ಬದುಕ್ತು."

ಗಡಹಿಂಗ್ಲಜದ ಸಂಜೆ. ಕುರ್ಚಿಗಳು ತುಂಬಿ, ಜನ ಗೋಡೆಗೆ ಆತು ನಿಂತಿದ್ದರು. ಕೊಲ್ಲಾಪುರದವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಆರ್ಗನ್ನಿಗೆ ಬಂದಿದ್ದವನು ಹೊಸಬ. ತನ್ನ ಪಾಡಿಗೆ ತಾನಿದ್ದ. ಅಣ್ಣಾಸಾಹೇಬ ಹತ್ತಿರವೇ ಸುಳಿಯುತ್ತಿದ್ದುದರಿಂದ, ಬೈದಾನೆಂದು, ಪರದೆ ಏಳುವ ತನಕ ಮಲ್ಲಾರಿ ಗುಂಡಿ ಮುಟ್ಟಲಿಲ್ಲ.

ಹೊಚ್ಚ ಹೊಸ ತಂತಿಗಳು. ಮೊದಲ ಹಾಡು ಎತ್ತಿದರು. ಮೀಟಿದ. ಮತ್ತದೇ ಕಂಬಳಿ.

ಟ್ರೆಬಲ್ ತಿರುವಿದ. ಸಾಲಲಿಲ್ಲ. ಇನ್ನಷ್ಟು ತಿರುವಿದ. ವಾಲ್ಯೂಮನ್ನೂ ಎತ್ತಿದ. ಯಾವ ಕೈಯೂ ಅಡ್ಡ ಬರಲಿಲ್ಲ. ಎರಡೂ ಗುಂಡಿಗಳು ಇನ್ನು ಜಾಗವಿಲ್ಲವೆಂದು ನಿಂತವು. ಆಗ ಕಂಬಳಿಯ ಅಂಚು ಒಂದಿಷ್ಟು ಸರಿಯಿತು. ಕತ್ತಲೆ ಕೋಣೆಯಲ್ಲಿ ಹಿತ್ತಾಳೆಯ ಚೊಂಬು ಮಿಣುಕಿದ ಹಾಗೆ ಒಂದು ಹೊಳಪು. ಬಂತು! ಮಲ್ಲಾರಿಯ ಕಣ್ಣು ತಾನಾಗಿ ಮುಚ್ಚಿತು. ಎದೆಯೊಳಗೆ ನೆಲವೇ ಕುಣಿಯುತ್ತಿತ್ತು. ಇಷ್ಟು ಚೆಂದಾಗಿ ಅವನು ಎಂದೂ ನುಡಿಸಿರಲಿಲ್ಲ.

ಕಣ್ಣು ತೆರೆದಾಗ ಮುಂದಿನ ಸಾಲಿನ ಕೈಗಳೆಲ್ಲ ಮೇಲೆದ್ದಿದ್ದವು. ಚಪ್ಪಾಳೆಗೆ ಎಂದುಕೊಂಡು ತಲೆಬಾಗಿದ. ಆ ಕೈಗಳು ಕಿವಿಗೆ ಹೋದವು. ಹೆಂಗಸರು ಸೆರಗಿನಿಂದ ಮಕ್ಕಳ ತಲೆ ಮುಚ್ಚಿದರು. ಛಾಯಾ ಮೈಕು ಕೆಳಗಿಳಿಸಿ ಅಳುತ್ತ ನಿಂತಿದ್ದಳು. ಡ್ರಮ್ಮಿನ ಕೋಲುಗಳು ನೆಲದಲ್ಲಿ ಬಿದ್ದಿದ್ದವು. ಪರದೆಯ ಮರೆಯಿಂದ ಅಣ್ಣಾಸಾಹೇಬ ಎರಡೂ ಕೈ ಬೀಸುತ್ತ, ಬಾಯಿ ಹರಿಯುವ ಹಾಗೆ ಏನೋ ಹೇಳುತ್ತ ಓಡಿ ಬರುತ್ತಿದ್ದ. ಮಲ್ಲಾರಿ ಅವನತ್ತ ಹೆಮ್ಮೆಯಿಂದ ನಕ್ಕು, ಇನ್ನೂ ಬಲವಾಗಿ ಮೀಟಿದ.

ಅವನ ಆಂಪ್ಲಿಫೈಯರಿನಿಂದ ಹೊರಟ ಸೂಜಿಯಂಥ ಚೀರಾಟ ಆ ಸಭೆಯಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು, ಮಲ್ಲಾರಿ ಒಬ್ಬನನ್ನು ಬಿಟ್ಟು.