ಎರಡು ಗಂಟೆಯ ವ್ಯತ್ಯಾಸ

ಕಾಫಿ ಕೂಟದ ಜಾಲತಾಣದ ನಿರ್ವಹಣಾ ಪುಟದಲ್ಲಿ ತಾನು ತುಂಬಿದ್ದ ‘ಮಧ್ಯಾಹ್ನ ಎರಡು’, ಓದುವವರಿಗೆ ‘ಹನ್ನೆರಡು’ ಎಂದು ಕಾಣುತ್ತಿದೆಯೆಂದು ಸಿರ್ಕಾಳಿಗೆ ಆಗಷ್ಟೇ ಗೊತ್ತಾಯಿತು. ತಾಣ ಫಿನ್ಲೆಂಡಿನ ಬದಲು ಲಂಡನ್ನಿನ ಸಮಯ ತೋರಿಸುತ್ತಿತ್ತು. ಕೋಟ್ಕಾ ಪಟ್ಟಣದ ಹಿರಿಯರ ಆ ಕೂಟಕ್ಕೆ ಹಳಬರೆಲ್ಲ ರೂಢಿಯಂತೆ ಎರಡಕ್ಕೇ ಬರುತ್ತಿದ್ದರು. ಹೊಸಬ ಉರ್ಹೋ ಮಾತ್ರ ನಾಲ್ಕು ವಾರದಿಂದ ಹನ್ನೆರಡಕ್ಕೇ ಬಂದು, ಕೂಟದ ಅಡುಗೆಮನೆಯಲ್ಲಿ ಅವಳ ಜೊತೆ ಬನ್‌ಗಳಿಗೆ ಹಿಟ್ಟು ನಾದುತ್ತಿದ್ದ.

“ತಪ್ಪು ನನ್ನದು, ಉರ್ಹೋ. ಸುಮ್ನೆ ನಿಮ್ಮನ್ನ ಕಾಯಿಸಿಬಿಟ್ಟೆ. ಈಗ್ಲೇ ಸರಿಮಾಡ್ತೀನಿ.”

ಅವನು ಕೈಗಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ನಿಂತ. “ನಂಗೆ ಮೊದಲನೇ ವಾರಾನೇ ಗೊತ್ತಾಗಿತ್ತು. ಎರಡಕ್ಕೆ ಬಂದ್ರೆ ಎಲ್ಲರೂ ಇರ್ತಾರೆ, ನನ್ನ ಮಾತಾಡ್ಸೋರು ಇರಲ್ಲ.”

ಹನ್ನೊಂದು ವರ್ಷ ಆ ಅಡುಗೆಮನೆಯಲ್ಲಿ ಒಬ್ಬಳೇ ಹಿಟ್ಟು ನಾದಿದ್ದ ಸಿರ್ಕಾ ಸಮಯವನ್ನು ತಿದ್ದಿ ಉಳಿಸಿದಳು. “ನೀವು ಹನ್ನೆರಡಕ್ಕೇ ಬನ್ನಿ,” ಎಂದಳು. “ಇಷ್ಟು ಹಿಟ್ಟು ಒಬ್ಬಳ ಕೈಲಿ ಆಗಲ್ಲ.”