ಅಣ್ಣನಿಗಾಗಿ ಓಟ

ಹಾಲಿನ ಬೂತಿಗೆ ಹೋಗಲೂ ಸ್ಕೂಟರ್ ಬೇಕೆನ್ನುತ್ತಿದ್ದ ಅವಳ ಮೈದುನ ಈಗ ದಿನಾ ನಸುಕಿಗೇ ಎದ್ದು ಓಡುತ್ತಿದ್ದ. ಡಯಾಲಿಸಿಸ್‌ಗೂ ಗತಿಯಿಲ್ಲದ ಬಡ ರೋಗಿಗಳಿಗೆ ಹಣ ಕೂಡಿಸಲು ಮೊದಲ ಸಲ ಮ್ಯಾರಥಾನ್‌ಗೆ ಇಳಿಯುವವನಿದ್ದ. ಅವನ ಟೀ ಶರ್ಟಿನ ಎದೆಯ ಮೇಲೆ ಅವಳ ಗಂಡನ ಫೋಟೊ, ಅದರಡಿ ದಪ್ಪ ಅಕ್ಷರದಲ್ಲಿ ‘ಅಣ್ಣನಿಗಾಗಿ ಓಟ’.

ಅಂದು ಬೆವರಿಳಿಸುತ್ತ ಬಂದವನಿಗೆ ಅವಳು ರಾಗಿ ಅಂಬಲಿ ತಂದುಕೊಟ್ಟಳು.

“ಪಾದವೆಲ್ಲ ಬೊಬ್ಬೆ ಎದ್ದಿದೆಯಲ್ಲೋ!”

“ಇರ್ಲಿ ಬಿಡಿ ಅತ್ತಿಗೆ. ಅಣ್ಣ ಪಡ್ತಿರೋ ಕಷ್ಟದ ಮುಂದೆ ಇದ್ಯಾವ ಲೆಕ್ಕ?”

ಅವಳ ಕಣ್ಣು ತುಂಬಿತು. ಮಂಚದ ಮೇಲಿದ್ದ ಗಂಡ ಮಾತ್ರ ಗೋಡೆಯ ಕಡೆ ಮಗ್ಗುಲಾದ.

ಮೈದುನ ಸ್ನಾನಕ್ಕೆ ಹೋದದ್ದೇ ತಡ, ಅವಳು ರೇಗಿದಳು.

“ಒಂದು ಒಳ್ಳೆ ಮಾತಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಊರೆಲ್ಲ ಅವನನ್ನ ಹೊಗಳ್ತಿದೆ.”

“ಹೊಗಳ್ಲಿ ಬಿಡು.”

“ಅವನ ಕಿಡ್ನಿ ನಿಮಗೆ ಹೊಂದಲ್ಲ ಅಂತ ಡಾಕ್ಟರು ಅಂದ ದಿನ ಎಷ್ಟು ಅತ್ತ ಗೊತ್ತಾ? ಹೊಂದಿದ್ರೆ ಅವನು ಕೊಡ್ತಿರ್ಲಿಲ್ವಾ?”

ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳುವವರೆಗೂ ಗಂಡ ಕಾದ. ಆಮೇಲೆ ಗೋಡೆಗೆ ಹೇಳುವವನಂತೆ ಮೆಲ್ಲಗೆ ಅಂದ:

“ಹೊಂದಿತ್ತು ಕಣೇ. ‘ಹೊಂದಲ್ಲ ಅಂತ ಹೇಳ್ಬಿಡಿ ಸಾರ್’ ಅಂತ ಅವನು ಡಾಕ್ಟರಿಗೆ ಕೈಮುಗೀತಿದ್ದಾಗ ಪರದೆಯಾಚೆ ಮಂಚದ ಮೇಲೆ ಮಲಗಿದ್ದೋನು ನಾನೇ.”