ಅತ್ತೆ ಕಡೆದ ಡಬ್ಬಿ

ಅರಗಿನ ವಾಸನೆ ಬಂದರೆ ಈಗಲೂ ಚನ್ನಪಟ್ಟಣದ ನಮ್ಮ ಲೇತ್ ಶೆಡ್ಡಿನ ಆ ಮಧ್ಯಾಹ್ನವೇ ನೆನಪಾಗುತ್ತದೆ. ನಾನೂ ಅಣ್ಣನೂ ರಾಕ್ಷಸನ ಗುಹೆಗೆ ಹೊರಟ ಸಾಹಸಿಗಳ ಆಟ ಆಡುತ್ತಿದ್ದೆವು. ಒಬ್ಬೊಬ್ಬರಿಗೂ ಗುರುತಿಗೆ ಒಂದೊಂದು ಮರದ ಆಟಿಕೆ ಬೇಕಿತ್ತು. ಸೋದರತ್ತೆ ನನಗೆ ಕೆಂಪು ಲಾಟೀನು ಕಡೆದುಕೊಟ್ಟಳು. ಅಣ್ಣ ಕೇಳಿದ ಕತ್ತಿ ಮಾತ್ರ ಲಟ್ಟಣಿಗೆಯ ಹಾಗೆ ಬಂತು.

"ಲೇತಲ್ಲಿ ಎಲ್ಲಾ ದುಂಡಗೇ ಬರೋದು ಕಣ್ಲಾ" ಎಂದು ನಕ್ಕಳು. ಆಮೇಲೆ ತನಗೂ ಒಂದು ಮಾಡಿಕೊಂಡಳು, ಪುಟ್ಟ ಹಳದಿ ಊಟದ ಡಬ್ಬಿ.

"ಡಬ್ಬಿ ಹಿಡ್ಕೊಂಡು ರಾಕ್ಷಸನ ತಾವ ಯಾರತ್ತೆ ಹೋಯ್ತಾರೆ?" ಎಂದ ಅಣ್ಣ.

"ಹೋಗೋರಿಗೆ ಹಸಿವಾಗಲ್ವೇನ್ಲಾ?"

ಮೂಲೆಯಲ್ಲಿ ಬಣ್ಣ ಬೆರೆಸುತ್ತಿದ್ದ ತಾತ, "ಮನೇಲೇ ಲೇತ್ ಐತೆ, ಸೋಮವಾರದಿಂದ ಆ ಗಾರ್ಮೆಂಟ್ಸ್ ಫ್ಯಾಕ್ಟರಿ ಕೆಲ್ಸಕ್ಕೆ ಯಾಕವ್ವ?" ಎಂದು ಗೊಣಗಿದ. ಅತ್ತೆ ಲೇತಲ್ಲಿ ತಿರುಗುತ್ತಿದ್ದ ಡಬ್ಬಿಗೆ ತಾಳೆಗರಿ ಒತ್ತಿ ಹೊಳಪು ಕೊಟ್ಟಳು.

ಸೋಮವಾರ ಬೆಳಿಗ್ಗೆ ಅವಳು ಸ್ಟೀಲ್ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ಅಣ್ಣ ತನ್ನ ಲಟ್ಟಣಿಗೆ ಕತ್ತಿಯನ್ನು ಎತ್ತಿ ಹಿಡಿದು, ಬಸ್ಸು ತಿರುವು ದಾಟುವವರೆಗೂ ಸಲಾಮು ಹೊಡೆದ.